ತಂಬಿಗೆಯ ಕತ್ತಿನ ಮೇಲಿದ್ದ ಹೆಸರು

ಈಗ ಮಾಡುತ್ತಿರುವ ಕೆಲಸ ಕಲಿಯಲು ನನಗೆ ಬಿದ್ದ ಖರ್ಚು ಇಷ್ಟು: ನಲವತ್ತೈದು ದಿನ, ಕಲಬುರಗಿಯಿಂದ ಕಮಲಾಪುರಕ್ಕೆ ಒಂಬತ್ತು ಸಲ ಹೋಗಿಬಂದ ಬಸ್ ಚಾರ್ಜು, ಮತ್ತು ಒಬ್ಬ ಮುದುಕಿಯ ಹೆಸರು. ಮೊದಲ ಎರಡು ನನ್ನ ಕೈಯಿಂದ ಹೋದವು. ಆಗಿನ್ನೂ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿರಲಿಲ್ಲ. ಮೂರನೆಯದು ಆ ಮುದುಕಿಯದು. ಅವಳನ್ನು ಕೇಳದೆ ನಾನೇ ಖರ್ಚು ಮಾಡಿದ್ದು. ಯಾಕೆ ಖರ್ಚಾಯಿತು ಎಂದರೆ ನಾನು ಕೆಲಸ ಬಲ್ಲವಳಾಗಿದ್ದೆ. ಏನೂ ಬಾರದ ಹುಡುಗಿಯೊಬ್ಬಳು ಆ ಜಾಗಕ್ಕೆ ಹೋಗಿದ್ದರೆ ಆ ಹೆಸರು ಇವತ್ತಿಗೂ ಇರುತ್ತಿತ್ತು.

ನಮ್ಮದು ಭಾಂಡೆ ವ್ಯಾಪಾರದ ಮನೆ. ಭಾಂಡೆ ಎಂದರೆ ನಮ್ಮ ಕಡೆ ಪಾತ್ರೆ. ಅವ್ವ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಒಂದು ಬಾಗಿಲಿನ ಅಂಗಡಿ ನಡೆಸುತ್ತಿದ್ದಳು. ಜನ ಹಳೆಯ ತಾಮ್ರ, ಹಿತ್ತಾಳೆ ತಂದು ಕೊಟ್ಟು ಹೊಸ ಸ್ಟೀಲ್ ಒಯ್ಯುತ್ತಿದ್ದರು. ಬಂದದ್ದರಲ್ಲಿ ತೂತು ಬಿದ್ದದ್ದು ಕರಗಿಸಲು ಹೋಗುತ್ತಿತ್ತು. ಗಟ್ಟಿ ಇದ್ದದ್ದರ ತಗ್ಗು ಎತ್ತಿಸಿ, ಕಲಾಯಿ ಹಾಕಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ ಮತ್ತೆ ಮಾರುತ್ತಿದ್ದೆವು. ಮಾರುವ ಮೊದಲು ತಪ್ಪದೆ ಮಾಡಬೇಕಾದ ಇನ್ನೊಂದು ಕೆಲಸವಿತ್ತು. ಹೆಸರು ತೆಗೆಸುವುದು.

ನಮ್ಮಲ್ಲಿ ಮದುವೆಯ ಭಾಂಡೆಗಳ ಮೇಲೆ ಹೆಸರು ಹಾಕಿಸುತ್ತಾರೆ. ಕೊಟ್ಟವರದು, ಇಲ್ಲವೇ ಮದುಮಗಳದು, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ. ನಾಳೆ ಯಾವುದೋ ಕಾರ್ಯದಲ್ಲಿ ಹತ್ತು ಮನೆಯ ಹಂಡೆಗಳು ಒಂದೇ ಒಲೆಯ ಸುತ್ತ ಸೇರಿದಾಗ ಯಾರದು ಯಾವುದು ಎಂದು ತಿಳಿಯಬೇಕಲ್ಲ. ಅದೇ ಭಾಂಡೆ ಅಂಗಡಿಗೆ ಬಂದಾಗ ಆ ಹೆಸರು ಅದಕ್ಕೆ ಹತ್ತಿದ ರೋಗ. ಮಂದಿಯ ಹೆಸರಿರುವ ತಂಬಿಗೆಯಲ್ಲಿ ಯಾರು ನೀರು ಕುಡಿಯುತ್ತಾರೆ? ಆದ್ದರಿಂದ ಭಾಂಡೆ ಕೈಗೆ ಬಂದ ಕೂಡಲೇ ಮೂರು ಸಂಗತಿ ನೋಡುವುದನ್ನು ನಾನು ಸಣ್ಣವಳಿದ್ದಾಗಲೇ ಕಲಿತಿದ್ದೆ: ತೂಕ ಎಷ್ಟು, ಬೆಸುಗೆ ಎಲ್ಲಿ, ಹೆಸರು ಎಷ್ಟು ಆಳ. ಹೆಸರು ಏನು ಎಂದು ಓದುವುದು ಕಲಿತಿರಲಿಲ್ಲ. ಅದರ ಅಗತ್ಯ ಬಿದ್ದಿರಲಿಲ್ಲ.

ಹೆಸರು ಹಾಕುವವರೂ ತೆಗೆಯುವವರೂ ಒಬ್ಬರೇ. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದ ಕಲಾಯಿ ಚಾಚಾ. ಬೆಳಿಗ್ಗೆ ಒಂದು ಹಂಡೆಯ ಮೇಲೆ ಹೆಸರು ಬರೆದು, ಮಧ್ಯಾಹ್ನ ಇನ್ನೊಂದರ ಹೆಸರಿಗೆ ಅರ ಹಾಕಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಅಲ್ಲಿ ಏನೂ ಇರಲೇ ಇಲ್ಲ ಎನ್ನುವ ಹಾಗೆ ಮಾಡಿ ಕೊಡುತ್ತಿದ್ದರು. ಎರಡಕ್ಕೂ ಒಂದೇ ರೇಟು.

ಬಿ.ಎ. ಕೊನೆಯ ವರ್ಷದಲ್ಲಿ ಕಾಲೇಜಿನವರು ಇಂಟರ್ನ್‌ಶಿಪ್ ಕಡ್ಡಾಯ ಎಂದರು. ನಲವತ್ತೈದು ದಿನ ಎಲ್ಲಿಯಾದರೂ ಕೆಲಸ ಮಾಡಿ ಸರ್ಟಿಫಿಕೇಟ್ ತರಬೇಕು, ತರದಿದ್ದರೆ ಪದವಿ ಇಲ್ಲ. ಬ್ಯಾಂಕಿಗೆ, ಪತ್ರಿಕೆಯ ಆಫೀಸಿಗೆ, ದವಾಖಾನೆಯ ಕೌಂಟರಿಗೆ ಹೋಗಲು ಗೆಳತಿಯರು ಸಾಲುಗಟ್ಟಿದರು. ಖೂಬಾ ಪ್ಲಾಟ್ ಬಡಾವಣೆಯ ಒಂದು ಟ್ರಸ್ಟಿನವರು ಎರಡು ಕೋಣೆ, ಒಂದು ಪಡಸಾಲೆಯ ಸಣ್ಣ ಮ್ಯೂಸಿಯಂ ಇಟ್ಟಿದ್ದರು. ಅಲ್ಲಿಗೆ ಒಬ್ಬರು ಬೇಕು ಎಂದಾಗ ಇಡೀ ಕ್ಲಾಸು ಕಿಟಕಿಯ ಹೊರಗೆ ನೋಡಿತು. ಯಾರಿಗೂ ಬೇಡವಾದ ಸಾಮಾನು ಕಂಡರೆ ನಮ್ಮ ಮನೆಯವರ ಕೈ ಸುಮ್ಮನಿರುವುದಿಲ್ಲ. ಆದರೂ ನಾನು ತಕ್ಷಣ ಒಪ್ಪಲಿಲ್ಲ. ಬೇಡವಾದದ್ದನ್ನು ತೆಗೆದುಕೊಳ್ಳುವಾಗ ಮೊದಲು ಮುಖ ಸಣ್ಣದು ಮಾಡಬೇಕು. ಮಾಡಿದೆ. ನನ್ನ ಹಾಜರಿ ಸ್ವಲ್ಪ ಕಡಿಮೆ ಇದ್ದದ್ದು ನಮ್ಮ ಕ್ಲಾಸಿನ ಮೇಡಂಗೆ ತಾನಾಗಿಯೇ ನೆನಪಾಗಿ, ತಾನಾಗಿಯೇ ಮರೆತುಹೋಯಿತು. ಆಮೇಲೆ ಒಪ್ಪಿದೆ.

ಮನೆಯಲ್ಲಿ ಹೇಳಿದಾಗ ಅವ್ವ ಪಗಾರ ಎಷ್ಟು ಎಂದು ಕೇಳಿದಳು. ಇಲ್ಲ ಎಂದೆ. ಊಟ ಕೊಡುತ್ತಾರೇನು ಎಂದಳು. ಅದೂ ಇಲ್ಲ, ಕೊನೆಗೆ ಒಂದು ಕಾಗದ ಕೊಡುತ್ತಾರೆ ಎಂದೆ.

"ಒಂದ್ ಕಾಗದಕ್ಕ ನಲವತ್ತೈದ್ ದಿನ," ಅಂದಳು ಅವ್ವ. "ಇಂಥಾ ಗಿರಾಕಿ ನನಗ ಇಷ್ಟ ವರ್ಷದಾಗ ಒಬ್ಬರೂ ಸಿಕ್ಕಿಲ್ಲ ನೋಡು."

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಜೇವರ್ಗಿ ಕಾಲೋನಿಯ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ವಿದ್ಯಾರ್ಥಿಗಳಿಗೂ 'ರೀ' ಹಚ್ಚಿಯೇ ಮಾತಾಡುವವರು. ಅವರ ಮ್ಯೂಸಿಯಮ್ಮಿನಲ್ಲಿ ರಾಜರ ಕತ್ತಿ, ನಾಣ್ಯ ಇರಲಿಲ್ಲ. ಬೀಸುವ ಕಲ್ಲು, ಜೋಳ ಅಳೆಯುವ ಸೇರು, ಲಾಟೀನು, ತೊಟ್ಟಿಲ ಹಗ್ಗ, ಹೀಗೆ ನಮ್ಮ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಸಾಗಹಾಕಬಹುದಾದ ಸಾಮಾನು. ಎರಡು ದಿನ ನನಗೆ ಧೂಳು ಒರೆಸುವ ಕೆಲಸ ಕೊಟ್ಟರು. ಮೂರನೆಯ ದಿನ ಒಂದು ರಟ್ಟಿನ ಡಬ್ಬಿ ಮುಂದೆ ಸರಿಸಿ, "ಕಮಲಾಪುರದಿಂದ ಬಂದಾವ್ರಿ. ಹೆಣ್ಣುಮಕ್ಕಳ ಕಪಾಟಿಗಿ. ತಯಾರ ಮಾಡ್ರಿ," ಎಂದು ಹೇಳಿ ಟ್ರಸ್ಟಿನ ಮೀಟಿಂಗಿಗೆ ಹೋದರು.

ತಯಾರು ಮಾಡುವುದು ಎಂದರೆ ಅಳತೆ ತೆಗೆದು, ಚಿತ್ರ ಬರೆದು, ಮೇಲಿದ್ದದ್ದನ್ನೆಲ್ಲ ಅಕ್ಷರ ಬಿಡದೆ ರಿಜಿಸ್ಟರಿನಲ್ಲಿ ಇಳಿಸುವುದು ಎಂದು ಅವರ ಲೆಕ್ಕ. ನಮ್ಮ ಮನೆಯ ಲೆಕ್ಕ ಬೇರೆ. ಡಬ್ಬಿಯಲ್ಲಿ ಒಂದು ಲಟ್ಟಣಿಗೆ, ಎರಡು ಸೇರು, ಒಂದು ದೀಪ, ಮತ್ತೊಂದು ತಾಮ್ರದ ತಂಬಿಗೆ ಇದ್ದವು. ತಂಬಿಗೆ ಒಳ್ಳೆ ಗಟ್ಟಿ ಮಾಲು. ಹೊಟ್ಟೆಗೆ ಸಣ್ಣ ತಗ್ಗು, ಕತ್ತಿನ ಸುತ್ತ ಹೆಸರು. ಆಳ ಬಹಳವೇನೂ ಇರಲಿಲ್ಲ. ಚೀಲದಲ್ಲಿ ಹಾಕಿಕೊಂಡು ಚಾಚಾನ ಕಟ್ಟೆಗೆ ಹೋದೆ.

ಮರುದಿನ ಬೆಳಿಗ್ಗೆ ಅದನ್ನು ಸರ್ ಮೇಜಿನ ಮೇಲೆ ಇಟ್ಟೆ. ಕಿಟಕಿಯ ಬಿಸಿಲು ಬಿದ್ದು ಕೋಣೆಯೇ ಕೆಂಪಾಗಿತ್ತು. ಸರ್ ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು.

"ಇದು ಯಾರದ್ರಿ?"

"ನಮ್ದೇ ಸರ್. ಕಮಲಾಪುರದ್ದು."

"ಕಮಲಾಪುರದ ತಂಬಿಗಿ ಮ್ಯಾಲ ಹೆಸರ ಇತ್ತು."

"ಇತ್ತು ಸರ್. ತೆಗಿಸೀನಿ. ಕೈಯಾಡ್ಸಿ ನೋಡ್ರಿ, ಒಂದ್ ಗುರುತೂ ಉಳದಿಲ್ಲ."

ಇದನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಸರ್ ಕೈಯಾಡಿಸಿ ನೋಡಿದರು. ಒಂದು ಗುರುತೂ ಉಳಿದಿರಲಿಲ್ಲ. ಚಾಚಾನ ಕೈ ಅಂಥದ್ದು.

ಅವರು ಬೈಯಲಿಲ್ಲ. ಕುರ್ಚಿ ತೋರಿಸಿ ಕೂಡಿಸಿ, ಆ ತಂಬಿಗೆ ಹೇಗೆ ಬಂತು ಎಂದು ಹೇಳಿದರು. ಕಮಲಾಪುರದಲ್ಲಿ ಒಬ್ಬ ಮುದುಕಿ, ಊರವರೆಲ್ಲ ಆಯಿ ಎನ್ನುತ್ತಾರೆ, ಆಯಿ ಎಂದರೆ ಅಜ್ಜಿ. ಅವಳ ಮದುವೆಯಲ್ಲಿ ತವರಿನವರು ಕೊಟ್ಟ ತಂಬಿಗೆ. ಮೇಲಿದ್ದದ್ದು ಅವಳ ತವರಿನ ಹೆಸರು. ನಮ್ಮ ಕಡೆ ಅನೇಕ ಮನೆಗಳಲ್ಲಿ ಸೊಸೆ ಹೊಸ್ತಿಲು ದಾಟಿ ಬಂದ ಮೇಲೆ ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅವಳಿಗೆ ಹೊಸ ಹೆಸರು ಬರೆಯುತ್ತಾರೆ. ಅಲ್ಲಿಂದ ಮುಂದೆ ಅವಳು ಅದೇ. ಆಯಿ ಶಾಲೆಗೆ ಹೋದವಳಲ್ಲ. ಆಧಾರಿನಲ್ಲಿ, ರೇಷನ್ ಕಾರ್ಡಿನಲ್ಲಿ, ಓಟಿನ ಪಟ್ಟಿಯಲ್ಲಿ ಎಲ್ಲ ಕಡೆ ಅಕ್ಕಿಯ ಹೆಸರು. ತಾಮ್ರದ ಮೇಲೆ ಮಾತ್ರ ಹುಟ್ಟಿದ ಹೆಸರು. ಅದು ಉಳಿಯಲಿ ಎಂದೇ ತಂದುಕೊಟ್ಟಿದ್ದಳಂತೆ. ಆರು ವಾರದ ನಂತರ, ಹೆಣ್ಣುಮಕ್ಕಳ ಸಾಮಾನಿಗೆಂದೇ ಮಾಡಿದ ಕಪಾಟು ತೆರೆಯುವ ದಿನ ನೋಡಲು ಬರುತ್ತೇನೆ ಎಂದು ಹೇಳಿಹೋಗಿದ್ದಳು.

ತಂಬಿಗೆ ಬಂದ ದಿನ ಅವಸರದಲ್ಲಿ ಸರ್ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿದ್ದರು: 'ತಾಮ್ರದ ತಂಬಿಗೆ, ಒಂದು. ಕತ್ತಿನ ಮೇಲೆ ಹೆಸರಿದೆ.' ಯಾವ ಹೆಸರು ಎಂದು ಬರೆದಿರಲಿಲ್ಲ. ಅದು ಹೊಸದಾಗಿ ಬರುವ ವಿದ್ಯಾರ್ಥಿಯ ಕೆಲಸ.

"ಸ್ಥಿತಿ ಅಂತ ಒಂದ್ ಕಾಲಂ ಅದ ನೋಡ್ರಿ," ಎಂದು ಸರ್ ನನಗೆ ಪೆನ್ಸಿಲ್ ಕೊಟ್ಟರು. ಅಲ್ಲಿ ಪೆನ್ನು ಮುಟ್ಟುವಂತಿರಲಿಲ್ಲ. ನಾನು 'ಹಳೆಯದಾದ್ದರಿಂದ ಹೆಸರು ಸವೆದಿದೆ' ಎಂದು ಬರೆದೆ. ಸರ್ ರಬ್ಬರಿನಿಂದ ಉಜ್ಜಿ ಪೆನ್ಸಿಲ್ ತಿರುಗಿ ಕೊಟ್ಟರು. 'ಸ್ವಚ್ಛಗೊಳಿಸುವಾಗ ಹೆಸರು ಹೋಗಿದೆ' ಎಂದು ಬರೆದೆ. ಮತ್ತೆ ಉಜ್ಜಿದರು. ಮೂರನೆಯ ಸಲ, ಇಂಥ ದಿನ ನಾನು ಇದನ್ನು ಬಜಾರಿಗೆ ಒಯ್ದು ಹೆಸರು ತೆಗೆಸಿದೆ ಎಂದು ಬರೆದು ಸಹಿ ಮಾಡಿದೆ. ಓದಿ, ರಿಜಿಸ್ಟರ್ ಮುಚ್ಚಿ, "ಆಕಿಗಿ ಹೋಗಿ ಹೇಳಿ ಬರ್ರಿ. ಸರ್ಟಿಫಿಕೇಟ್ ಆಮ್ಯಾಲ ನೋಡೂಣು," ಎಂದರು.

ನಾನು ಮೊದಲು ಹೋದದ್ದು ಕಮಲಾಪುರಕ್ಕಲ್ಲ, ಚಾಚಾನ ಹತ್ತಿರ. ಆ ಹೆಸರೇನಿತ್ತು ಎಂದು ಕೇಳಿದೆ. ಚಾಚಾ ಹಂಡೆಯೊಂದನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದರು.

"ನಾ ಓದಂಗಿಲ್ಲ ಬೇಟಿ. ಓದಿ ತೆಗದ್ರ ಕೈ ನಡಗ್ತದ. ಇಷ್ಟ ವರ್ಷ ಹಿಂಗೇ ನಡಸೀನಿ."

ಹಂಡೆ ಕೆಳಗಿಳಿಸಿ ಅವರೇ ದಾರಿ ತೋರಿಸಿದರು. ಹೆಸರು ಗೊತ್ತು ಮಾಡಿಕೊಂಡು ಬಾ, ಹಳೇ ಉಳಿ ಇದೆ, ಅದೇ ಚುಕ್ಕಿಯಲ್ಲಿ ಬರೆದು, ಹುಣಸೆನೀರು ಹಚ್ಚಿ ನಾಲ್ಕು ದಿನ ಮಣ್ಣಿನಲ್ಲಿ ಹೂಳಿದರೆ ಆ ಮುದುಕಿಯ ಅವ್ವನೇ ಬಂದರೂ ಹೊಸದೆಂದು ಗುರುತು ಹಿಡಿಯಲಾರಳು. ಇದು ನನಗೆ ಬಹಳ ಒಪ್ಪಿಗೆಯಾಯಿತು. ಹೇಳುವುದು ತಪ್ಪುತ್ತದೆ, ತಂಬಿಗೆ ಸರಿಯಾಗುತ್ತದೆ, ಯಾರಿಗೂ ನಷ್ಟವಿಲ್ಲ. ಬೇಕಾದದ್ದು ಹೆಸರೊಂದೇ.

ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ ಒಂದು ಗಂಟೆಯ ದಾರಿ. ಬಸ್ಸು ನಿಂತಲ್ಲೇ ಕೆಂಬಾಳೆ ಮಾರುವವರು. ಆಯಿಯ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮುಂದಿನ ಕೋಣೆಯಲ್ಲಿ ಸೊಸೆಯ ಹೊಲಿಗೆ ಮಶೀನು, ಬಾಗಿಲಲ್ಲಿ ಆಯಿ, ಮುಂದೆ ಮೊರ. ನಾನು ಮ್ಯೂಸಿಯಮ್ಮಿನಿಂದ ಬಂದಿದ್ದೇನೆ, ಒಂದು ಫಾರಂ ತುಂಬಬೇಕು ಎಂದೆ. ಹೆಸರು ಕೇಳಿದೆ. ಆಧಾರಿನ ಹೆಸರು ಹೇಳಿದಳು. ತವರುಮನೆಯ ಹೆಸರು ಎಂದೆ.

"ತಂಬಗಿ ಮ್ಯಾಲ ಅದ ಅಲ್ಲ. ನೋಡಿ ಬರಕೊ."

ಎರಡು ಕೆಂಬಾಳೆ ಕೊಟ್ಟು ಕಳಿಸಿದಳು.

ಎರಡನೆಯ ಸಲ ಓಣಿಯವರನ್ನು ಕೇಳಿದೆ. ಅವರಿಗೆ ಆಯಿ ಆಯಿಯೇ. ಅವಳಿಗೆ ಹಿಂದೆ ಬೇರೆ ಹೆಸರಿತ್ತು ಎನ್ನುವುದೇ ಅವರಿಗೆ ಸುದ್ದಿ. ಮೂರನೆಯ ಸಲ ಸೊಸೆಯನ್ನು ಬಾವಿಯ ಹತ್ತಿರ ಹಿಡಿದು ಕೇಳಿದೆ. ಅತ್ತೆಯ ಹೆಸರನ್ನು ಸೊಸೆ ಹೇಗೆ ಕೇಳುವುದು, ಇಪ್ಪತ್ತು ವರ್ಷದಲ್ಲಿ ಅಂಥ ಧೈರ್ಯ ಬಂದಿಲ್ಲ ಎಂದಳು. ತವರಿನ ಕಡೆ ಯಾರಿದ್ದಾರೆ ಎಂದರೆ ಯಾರೂ ಉಳಿದಿರಲಿಲ್ಲ. ಪ್ರತಿ ಸಲವೂ ಆಯಿ ಎರಡು ಹಣ್ಣು ಕೊಡುತ್ತಿದ್ದಳು. ಮೂರು ಸಲಕ್ಕೆ ಆರು ಹಣ್ಣು ತಿಂದಿದ್ದೆ. ಉಪ್ಪಿನ ಋಣ ಎನ್ನುತ್ತಾರೆ, ಬಾಳೆಹಣ್ಣಿನದೂ ಇರುತ್ತದೆ.

ನಾಲ್ಕನೆಯ ಸಲ ಹೋದಾಗ ಆಯಿ ತೊಗರಿ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೂಡು ಎಂದಳು.

"ನನ್ನ ಮಗಳೇ ವರ್ಷಕ್ಕ ಎರಡ್ ಸಲ ಬರ್ತಾಳ. ನೀ ಹದಿನೈದ್ ದಿನದಾಗ ನಾಲ್ಕ ಸಲ ಬಂದಿ. ಏನ್ ಕಳದೀರಿ?"

"ಕಳದಿಲ್ಲ ಆಯಿ. ತಂಬಗಿ ಅದ. ಅದರ ಮ್ಯಾಲಿನ ಹೆಸರ ಹೋಗ್ಯಾದ."

"ಹೆಸರ ಹ್ಯಾಂಗ ಹೋಗ್ತದ?"

"ನಾನೇ ತೆಗಿಸೀನಿ."

"ಯಾಕ?"

"ಚಂದ ಕಾಣ್ಲಿ ಅಂತ."

ಸೊಸೆಯ ಮಶೀನು ನಿಂತಿತು. ಆಯಿ ಮೊರದಲ್ಲಿ ಬೆರಳಾಡಿಸುತ್ತಲೇ ಇದ್ದಳು. ಕಲ್ಲು ಒಂದು ಕಡೆ, ಕಾಳು ಒಂದು ಕಡೆ. ನನಗೆ ಹೇಳಿದಳೋ ಕಾಳಿಗೆ ಹೇಳಿದಳೋ ತಿಳಿಯದ ಹಾಗೆ ಹೇಳಿದಳು:

"ನಮ್ಮವ್ವ ಬರಿಸಿದ್ದು ಅದು. ಆಕಿಗಿ ಓದಾಕ ಬರ್ತಿರಲಿಲ್ಲ. ಬೆರಳಿಲೆ ಮುಟ್ಟಿ ನೋಡಿ, ಹೂಂ, ಬಂದಾದ ಅಂದಿದ್ಳು."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಎದುರಿಗಿರುವವರು ಸುಮ್ಮನಾದರೆ ಸೌದಾ ಮುರಿಯುತ್ತದೆ ಎಂದು ಕಲಿತವಳು ನಾನು. ಹೆಸರು ಹೇಳು, ಮೊದಲಿನ ಹಾಗೆಯೇ ಬರೆಸಿಕೊಡುತ್ತೇನೆ ಎಂದೆ. ಕಪಾಟಿನಲ್ಲಿ ಮುಂದಿನ ಸಾಲಿನಲ್ಲಿ ಇಡಿಸುತ್ತೇನೆ ಎಂದೆ. ನಿನ್ನ ಫೋಟೋ ಪಕ್ಕಕ್ಕೆ ಹಾಕಿಸುತ್ತೇನೆ ಎಂದೆ. ಸರ್ ಯಾವುದಕ್ಕೂ ಒಪ್ಪಿರಲಿಲ್ಲ, ಸರ್‌ಗೆ ಯಾವುದೂ ಗೊತ್ತೇ ಇರಲಿಲ್ಲ.

"ಒಂದ್ ಸಲ ಕೊಟ್ಟೀನಿ," ಅಂದಳು ಆಯಿ. "ನಿಮಗ ಇಟಕೊಳ್ಳಾಕ ಆಗ್ಲಿಲ್ಲ. ಎರಡನೇ ಸಲ ಯಾಕ ಕೊಡ್ಲಿ?"

ನಾನು ಫಾರಂ ಮಡಚಿ ಚೀಲದಲ್ಲಿ ಹಾಕಿಕೊಂಡೆ.

ಆಮೇಲೆ ಅವಳೇ ನಿಮ್ಮವ್ವ ಏನು ಮಾಡುತ್ತಾಳೆ ಎಂದು ಕೇಳಿದಳು. ಹಳೇ ಭಾಂಡೆಗೆ ಹೊಸದು ಕೊಡುತ್ತಾಳೆ ಎಂದೆ. ಲೆಕ್ಕ ಹೇಗೆ ಎಂದಳು. ಒಂದು ಗಟ್ಟಿ ತಾಮ್ರದ ತಂಬಿಗೆಗೆ ಸ್ಟೀಲಿನವು ಏಳೆಂಟು ಲೋಟ, ಜಗಳ ಮಾಡುವವರಿಗೆ ಹತ್ತು ಎಂದೆ.

"ಹಂಗಾರ ಹೋದ ಒಂದ್ ಹೆಸರಿಗಿ ಹತ್ತ ಹೆಸರ ತಾ. ಇದೇ ಊರಾಗ ನನ್ನಂಗ ಹೆಸರ ಬದಲಾದೋರು ಬೇಕಾದಷ್ಟ ಮಂದಿ ಇದ್ದಾರ. ಹೋಗಿ ಕೇಳಿ, ಬರದು, ನನ್ನ ತಂಬಗಿ ಬಾಜೂಕ ಇಡು. ನಂದು ಮಾತ್ರ ಕೇಳಬ್ಯಾಡ."

ಐದಕ್ಕೆ ಇಳಿಸಲು ನೋಡಿದೆ. ಸರ್ಟಿಫಿಕೇಟಿನ ದಿನ ಹತ್ತಿರ ಬಂದಿದೆ, ದಿನಕ್ಕೆ ಒಂದು ಮನೆಗಿಂತ ಹೆಚ್ಚು ಆಗುವುದಿಲ್ಲ ಎಂದೆ. ಆಯಿ ತೊಗರಿ ಕೇರತೊಡಗಿದಳು. ಒಂದೂ ಇಳಿಯದ ರೇಟಿಗೆ ನಾನು ಒಪ್ಪಿಕೊಂಡ ಸೌದಾ ಇಲ್ಲಿಯವರೆಗೆ ಅದೊಂದೇ.

ಹೋಗಿ ಕೇಳಿದರೆ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ಮೊದಲ ಮನೆಯಲ್ಲಿ ಯಾವ ಸಂಘದವಳು, ಸಾಲ ಕೊಡುತ್ತೀರೇನು ಎಂದು ಕೇಳಿದರು. ಎರಡನೆಯ ಮನೆಯಲ್ಲಿ ಗಂಡನೇ ಮುಂದೆ ಬಂದು ಹೆಂಡತಿಯ ಆಧಾರ್ ಕಾರ್ಡು ತೋರಿಸಿದ. ಮೂರನೆಯದರಲ್ಲಿ ನಾನು ಬುದ್ಧಿ ಬದಲಿಸಿದೆ. ಹೆಸರಿನ ಸುದ್ದಿಯನ್ನೇ ಎತ್ತಲಿಲ್ಲ. ಕೊಟ್ಟ ಚಹಾ ಕುಡಿದು, ಅಟ್ಟದ ಮೇಲಿನ ಹಂಡೆಯ ಕಡೆ ನೋಡಿ, ಎಂಥ ಗಟ್ಟಿ ಮಾಲು, ಯಾರು ಕೊಟ್ಟದ್ದು ಎಂದೆ. ಇದು ಅವ್ವನ ವಿದ್ಯೆ. ಅಂಗಡಿಯಲ್ಲಾದರೆ ಮುಂದೆ ತಕ್ಕಡಿ ತೆಗೆಯುತ್ತಾಳೆ. ನಾನು ಪೆನ್ಸಿಲ್ ತೆಗೆದೆ. ಹಂಡೆ ಕೆಳಗಿಳಿಯಿತು, ಧೂಳು ಒರೆಸಿದರು, ಜೀವನದಲ್ಲಿ ಮೊದಲ ಸಲ ನಾನು ಒಂದು ಭಾಂಡೆಯ ಮೇಲಿದ್ದದ್ದನ್ನು ಓದಿದೆ.

ಆಮೇಲೆ ಐದು ಸಲ ಹೋದೆ. ಒಬ್ಬಾಕೆ ಹಾಲು ತರಲು ಗಂಡನನ್ನು ಹೊರಗೆ ಕಳಿಸಿ, ಅವನು ಓಣಿ ತಿರುಗಿದ ಮೇಲೆ ಹೆಸರು ಹೇಳಿದಳು. ಇನ್ನೊಬ್ಬಳಿಗೆ ತನ್ನ ಹೆಸರಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಅಕ್ಕನಿಗೆ ಫೋನ್ ಹಚ್ಚಿ ಖಾತ್ರಿ ಮಾಡಿಕೊಂಡಳು, ಆಮೇಲೆ ಅಕ್ಕತಂಗಿಯರು ಅರ್ಧ ಗಂಟೆ ಬೇರೆ ಯಾರದೋ ಆಸ್ತಿಯ ಸುದ್ದಿ ಮಾತಾಡಿದರು. ಒಂದು ಮುಸಲ್ಮಾನರ ಮನೆಯಲ್ಲಿ ದೊಡ್ಡಾಕೆ ತಮ್ಮಲ್ಲಿ ಹೆಸರು ಬದಲಿಸುವುದಿಲ್ಲ ಎಂದರು. ಆದರೆ ಅವರ ಅಡುಗೆಯ ದೊಡ್ಡ ದೇಗಿನ ಮೇಲೆ ಉರ್ದುವಿನಲ್ಲಿ ಇದ್ದದ್ದು ಅಣ್ಣನ ಹೆಸರು. "ಭಾಂಡೆ ನಂದು, ನಾಮ್ ಅಣ್ಣಂದು. ಈಗ ಏನ್ ಬರೀತೀ?" ಎಂದು ನಕ್ಕರು. ಎರಡನ್ನೂ ಬರೆದೆ. ಬರೆದದ್ದನ್ನು ಪ್ರತಿ ಮನೆಯಲ್ಲೂ ಓದಿ ಹೇಳುತ್ತಿದ್ದೆ. ಕೆಲವರು ಎರಡು ಸಲ ಓದಿಸಿದರು.

ಹತ್ತನೆಯ ಹೆಸರು ಆಯಿಯ ಮನೆಯಲ್ಲೇ ಸಿಕ್ಕಿತು. ಸೊಸೆಯದು. ಅವಳಿಗೆ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿದವಳು ಇದೇ ಆಯಿ. ಸೊಸೆ ಮಶೀನಿನಿಂದ ಕಾಲು ತೆಗೆಯದೆ ತವರಿನ ಹೆಸರು ಹೇಳಿದಳು, ನಾನು ಬರೆದೆ. ಆಯಿ ಕೇಳಿಸಿಕೊಂಡು ಕೂತಿದ್ದಳು.

"ನಾ ಇಟ್ಟ ಹೆಸರೇ ಛಲೋ ಅದ," ಅಂದಳು.

"ಅದೂ ಇರ್ಲಿ ಬಿಡ್ರಿ ಅತ್ತಿ," ಅಂದಳು ಸೊಸೆ.

ಬಸ್ಸಿಗೆ ಕಾಯುತ್ತಿದ್ದಾಗ ಹಣ್ಣು ಮಾರುವವಳು ತಾನಾಗಿಯೇ ಕರೆದು ತನ್ನದನ್ನೂ ಬರೆಸಿದಳು. ಹತ್ತರ ಮೇಲೆ ಒಂದು ಕೊಸರು.

ಕಪಾಟಿಗೆ ಚೀಟಿ ಬರೆಯುವ ಕೆಲಸವನ್ನು ಸರ್ ನನಗೇ ಬಿಟ್ಟರು. ಆ ಹೊತ್ತಿಗೆ ಅವರ ರಬ್ಬರಿನ ಸ್ವಭಾವ ನನಗೆ ತಿಳಿದಿತ್ತು, ಒಂದೇ ಸಲಕ್ಕೆ ಸರಿಯಾಗಿ ಬರೆದೆ. 'ತಾಮ್ರದ ತಂಬಿಗೆ, ಕಮಲಾಪುರ. ಇದರ ಕತ್ತಿನ ಮೇಲೆ ಒಡತಿಯ ತವರಿನ ಹೆಸರಿತ್ತು. ಇಲ್ಲಿಗೆ ಬಂದ ಮೇಲೆ ಈ ಮ್ಯೂಸಿಯಮ್ಮಿನ ವಿದ್ಯಾರ್ಥಿನಿಯೊಬ್ಬಳು ಅದನ್ನು ತೆಗೆಸಿದಳು. ಒಡತಿ ಆ ಹೆಸರನ್ನು ಮತ್ತೆ ಹೇಳಿಲ್ಲ.' ಪಕ್ಕದಲ್ಲಿ ಹನ್ನೊಂದು ಹೆಸರು, ಯಾವ ಭಾಂಡೆ, ಯಾರು ಕೊಟ್ಟದ್ದು ಎಂಬುದರ ಸಮೇತ.

ತೆರೆಯುವ ದಿನ ಆಯಿ ಸೊಸೆಯ ಕೈ ಹಿಡಿದುಕೊಂಡು ಬಂದಳು. ಟ್ರಸ್ಟಿನವರ ಭಾಷಣ ಮುಗಿಯುವವರೆಗೆ ಕಾಯದೆ ನೇರವಾಗಿ ಕಪಾಟಿನ ಮುಂದೆ ನಿಂತಳು. ಸರ್ ಬೀಗ ತೆಗೆದು ಗಾಜು ಸರಿಸಿದರು. ಮುಟ್ಟಬಾರದು ಎಂಬ ಬೋರ್ಡಿಗೆ ತಾವೇ ಅಡ್ಡ ನಿಂತರು. ಆಯಿ ತಂಬಿಗೆಯ ಕತ್ತಿನ ಸುತ್ತ ಬೆರಳು ಒಯ್ದಳು. ಒಂದು ಸುತ್ತು. ಇನ್ನೊಂದು ಸುತ್ತು.

"ಪಾಲಿಶ್ ಛಲೋ ಮಾಡ್ಯಾರ," ಅಂದಳು.

ಚೀಟಿ ಓದು ಎಂದಳು. ಓದಿದೆ. ಮತ್ತೊಮ್ಮೆ ಎಂದಳು. ಮತ್ತೊಮ್ಮೆ ಓದಿದೆ.

"ವಿದ್ಯಾರ್ಥಿನಿ ಅಂದ್ರ ಯಾರು?"

"ನಾನೇ ಆಯಿ."

"ಮತ್ತ ನಿನ್ನ ಹೆಸರ ಯಾಕ ಹಾಕಿಲ್ಲ? ನಂದಂತೂ ಹೋತು. ತೆಗದಾಕಿ ಹೆಸರಾದ್ರೂ ಇರ್ಲಿ."

ಸರ್ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಆರು ವಾರದಲ್ಲಿ ಅವರ ಹತ್ತಿರ ಪೆನ್ನಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ. 'ವಿದ್ಯಾರ್ಥಿನಿಯೊಬ್ಬಳು' ಎಂಬುದರ ಮೇಲೆ ಗೆರೆ ಎಳೆದು ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರೆದೆ. ನನ್ನ ಹೆಸರು ಒಂದು ಸಂಸ್ಥೆಯ ಗೋಡೆ ಏರಿದ್ದು ಹೀಗೆ. ಸರ್ಟಿಫಿಕೇಟ್ ಮರುದಿನ ಸಿಕ್ಕಿತು. ಅದರಲ್ಲಿ ಸರ್ ನನ್ನ ಬಗ್ಗೆ ಒಂದೇ ಸಾಲು ಬರೆದಿದ್ದರು: 'ಇವರು ತಾವು ಮಾಡಿದ್ದನ್ನು ಬರೆದಿಡುತ್ತಾರೆ.' ಅವ್ವ ಅದನ್ನು ಓದಿಸಿಕೊಂಡು, ಇದು ಹೊಗಳಿದ್ದೋ ಬೈದದ್ದೋ ಎಂದಳು. ಎರಡು ವರ್ಷ ನನಗೂ ತಿಳಿದಿರಲಿಲ್ಲ.

ತಿಳಿದದ್ದು ಒಂದು ಫೋನಿನಿಂದ. ಶರಣಸಿರಸಗಿಯ ಒಂದು ದೊಡ್ಡ ಮನೆಯವರು. ಮೂವರು ಅಣ್ಣತಮ್ಮಂದಿರು ಪಾಲಾಗುವವರಿದ್ದರು. ಮನೆಯಲ್ಲಿ ನಾಲ್ಕು ತಲೆಮಾರಿನ ಸಾಮಾನು. ಪಟ್ಟಿ ಮಾಡಲು ಹೊರಗಿನವರು ಬೇಕು, ಆದರೆ ಯಾರ ಮೇಲೂ ಮೂವರಿಗೂ ಒಮ್ಮೆಗೇ ನಂಬಿಕೆ ಬರುತ್ತಿರಲಿಲ್ಲ. ಅವರಲ್ಲಿ ನಡುವಿನವರು ಮಗಳನ್ನು ಕರೆದುಕೊಂಡು ಮ್ಯೂಸಿಯಂ ನೋಡಲು ಹೋಗಿದ್ದರಂತೆ. "ತನ್ನ ತಪ್ಪ ತಾನೇ ಗ್ವಾಡಿಗಿ ಹಚ್ಚಿಕೊಂಡಾಕಿ ನಮ್ಮ ಮನಿ ಚಮಚ ಕದಿಯಂಗಿಲ್ಲ ಅಂತ ಫೋನ್ ಮಾಡೀನ್ರಿ," ಎಂದರು. ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ದುಡ್ಡು ಕೊಟ್ಟು ಬರೆಸಲು ಆಗುತ್ತಿರಲಿಲ್ಲ.

ಇವತ್ತು ನನ್ನ ಕೆಲಸ ಅದೇ. ಮನೆ, ಮಠ, ಹಳೆಯ ಶಾಲೆ, ಮುಚ್ಚುವ ಅಂಗಡಿ, ಎಲ್ಲಿ ಹಳೆಯ ಸಾಮಾನಿದೆಯೋ ಅಲ್ಲಿ ಹೋಗಿ, ಏನಿದೆ, ಯಾರದು, ಮೇಲೆ ಏನು ಬರೆದಿದೆ, ಯಾರು ಏನು ಹೇಳುತ್ತಾರೆ ಎಂದು ಇಳಿಸಿಕೊಡುವುದು. ನನ್ನ ಕೈಕೆಳಗೆ ನಾಲ್ವರು ಹೆಣ್ಣುಮಕ್ಕಳಿದ್ದಾರೆ. ಮ್ಯೂಸಿಯಮ್ಮಿನವರೂ ಈಗ ನಮ್ಮನ್ನು ಕರೆಯುತ್ತಾರೆ, ಚೌಕಾಶಿ ಮಾಡುತ್ತಾರೆ, ಸೋಲುತ್ತಾರೆ. ಆಯಿ ಇದ್ದಾಳೆ. ವರ್ಷಕ್ಕೊಮ್ಮೆ ಹೋಗುತ್ತೇನೆ. ಹೆಸರು ಹೇಳಿಲ್ಲ. ನಾನೂ ಕೇಳಿಲ್ಲ, ಕೇಳಬಾರದು ಎಂದು ಮಾತಾಗಿದೆ.

ಈಗ ಇಂಟರ್ನ್‌ಶಿಪ್ ಹುಡುಕುತ್ತಿರುವವರಿಗೆ ನನ್ನ ಮಾತು. ಸಣ್ಣ ಜಾಗ ಹಿಡಿಯಿರಿ. ದೊಡ್ಡ ಆಫೀಸಿನಲ್ಲಿ ನೀವು ಮಾಡಿದ ತಪ್ಪು ಯಾರ ಲೆಕ್ಕಕ್ಕೋ ಹೋಗುತ್ತದೆ, ಸಣ್ಣ ಜಾಗದಲ್ಲಿ ಅದು ನಿಮ್ಮ ಹತ್ತಿರವೇ ಉಳಿಯುತ್ತದೆ, ಕಲಿಯಲು ಬೇಕಾದ ಬಂಡವಾಳ ಅಷ್ಟೇ. ನಿಮಗೆ ಚೆನ್ನಾಗಿ ಬರುವ ಕೆಲಸವನ್ನೇ ಅಲ್ಲಿ ಕೊಟ್ಟರೆ ಹೆದರಿ. ಬಾರದ್ದನ್ನು ಕೇಳಿ ಮಾಡುತ್ತೀರಿ, ಬರುವುದನ್ನು ಕೇಳದೆ ಮಾಡುತ್ತೀರಿ. ಯಾರಾದರೂ 'ತಯಾರು ಮಾಡಿ', 'ಸರಿ ಮಾಡಿ', 'ನೋಡಿಕೊಳ್ಳಿ' ಎಂದರೆ ಅವರಿಂದ ಮೊದಲ ಒಂದನ್ನು ಮಾಡಿಸಿ ನೋಡಿ. ಮುಟ್ಟುವ ಮೊದಲು ಫೋಟೋ ತೆಗೆಯಿರಿ, ನಾಲ್ಕೂ ಕಡೆಯಿಂದ, ಕೆಳಗಿನಿಂದಲೂ. ಮೊಬೈಲ್ ಎಲ್ಲರ ಜೇಬಿನಲ್ಲಿದೆ. ಕೆಡಿಸಿದ್ದನ್ನು ಹೇಳಬೇಕಾದಾಗ ಫಾರಂ ಹಿಡಿದುಕೊಂಡು ಹೋಗಬೇಡಿ, ಮೊದಲ ಸಲವೇ ಹೇಳಿ. ನಾನು ನಾಲ್ಕನೆಯ ಸಲಕ್ಕೆ ಹೇಳಿದ್ದರಿಂದ ನನಗೆ ಹತ್ತು ಹೆಸರಿನ ದಂಡ ಬಿತ್ತು. ಮೊದಲ ದಿನವೇ ಹೇಳಿದ್ದರೆ ಐದಕ್ಕೆ ಇಳಿಯುತ್ತಿತ್ತು ಎಂದು ನನಗೆ ಇವತ್ತಿಗೂ ಖಾತ್ರಿ ಇದೆ. ಎದುರಿನವರು ಸುಮ್ಮನಾದರೆ ನೀವು ಮಾತು ತುಂಬಬೇಡಿ. ಮತ್ತೆ, ಕೊನೆಯ ದಿನ ಕಾಗದ ಕೈಗೆ ಬಂದಾಗ ಅಲ್ಲೇ ನಿಂತು ಪೂರ್ತಿ ಓದಿ. ನಿಮ್ಮ ಹೆಸರು, ತಾರೀಖು, ಸೀಲು, ಸಹಿ. ಮನೆಗೆ ಹೋದ ಮೇಲೆ ತಪ್ಪು ಕಂಡರೆ, ಸಹಿ ಮಾಡುವವರು ಆ ವಾರ ರಜೆಯಲ್ಲಿರುತ್ತಾರೆ.